ಚೀಲದಲ್ಲಿರುವುದು ನಮ್ಮೊಬ್ಬರ ಸ್ವತ್ತಲ್ಲ

2008ರ ಜನವರಿ 9ರ ರಾತ್ರಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಎಜ್‌ಬಾಸ್ಟನ್ ಬಡಾವಣೆಯಲ್ಲಿ ನಿಲ್ಲಿಸಿದ್ದ ಕಾರೊಂದರಿಂದ ಲ್ಯಾಪ್‌ಟಾಪ್ ಕಳುವಾಯಿತು. ಕಾರು ನೌಕಾಪಡೆಯ ಅಧಿಕಾರಿಯೊಬ್ಬರದು. ದೊಡ್ಡ ನಗರಗಳಲ್ಲಿ ಇಂಥ ಕಳವುಗಳು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗುವುದೂ ಅಪರೂಪ. ಆದರೆ ಈ ಕಳವಿನ ಕುರಿತು ಬ್ರಿಟನ್ನಿನ ರಕ್ಷಣಾ ಸಚಿವರೇ ಸಂಸತ್ತಿನಲ್ಲಿ ಹೇಳಿಕೆ ನೀಡಬೇಕಾಯಿತು. ನೌಕಾಪಡೆ, ರಾಯಲ್ ಮರೀನ್ಸ್ ಮತ್ತು ವಾಯುಪಡೆಗೆ ಸೇರಿದ್ದ, ಸೇರಲು ಅರ್ಜಿ ಹಾಕಿದ್ದ ಅಥವಾ ಆಸಕ್ತಿ ತೋರಿದ್ದ ಸುಮಾರು 6 ಲಕ್ಷ ಜನರ ವಿವರಗಳು ಆ ಯಂತ್ರದಲ್ಲಿದ್ದವು. ಕೆಲವರ ಹೆಸರು ಮಾತ್ರ ಇದ್ದರೆ, ಇನ್ನು ಕೆಲವರ ಪಾಸ್‌ಪೋರ್ಟ್ ಸಂಖ್ಯೆ, ಕುಟುಂಬದ ವಿವರಗಳಿದ್ದವು. ಸುಮಾರು 3,500 ಜನರ ಬ್ಯಾಂಕ್ ಖಾತೆಯ ವಿವರಗಳೂ ಇದ್ದವು. ಯಾವುದನ್ನೂ ಗೂಢಲಿಪಿಗೆ ಪರಿವರ್ತಿಸಿರಲಿಲ್ಲ. ಅದೇ ತಿಂಗಳು ಅಲ್ಲಿನ ಸಂಪುಟ ಕಾರ್ಯದರ್ಶಿ ಆದೇಶ ಹೊರಡಿಸಿದರು: ಜನರ ವೈಯಕ್ತಿಕ ವಿವರಗಳಿರುವ, ಗೂಢಲಿಪಿಯ ರಕ್ಷಣೆಯಿಲ್ಲದ ಲ್ಯಾಪ್‌ಟಾಪ್ ಇನ್ನು ಸರ್ಕಾರಿ ಕಚೇರಿಯ ಹೊರಗೆ ಹೋಗಕೂಡದು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಮಾತು ನಮ್ಮಲ್ಲಿ ಹಳೆಯದು.

ಲ್ಯಾಪ್‌ಟಾಪ್ ಹೊತ್ತು ಊರಿಂದೂರಿಗೆ ಓಡಾಡುವ ಪ್ರತಿಯೊಬ್ಬರೂ ಈ ಪ್ರಸಂಗದಿಂದ ಕಲಿಯಬೇಕಾದ ಪಾಠವೊಂದಿದೆ. ಆ ಚೀಲದಲ್ಲಿರುವುದು ಎರಡು ಬಗೆಯ ಸ್ವತ್ತು. ಒಂದು ಯಂತ್ರ, ಇನ್ನೊಂದು ಅದರೊಳಗಿನ ಮಾಹಿತಿ. ಯಂತ್ರಕ್ಕೆ ಬೆಲೆಯಿದೆ, ರಸೀದಿಯಿದೆ, ಬೇಕಾದರೆ ವಿಮೆಯೂ ಇದೆ. ಕಳೆದುಹೋದರೆ ಕಷ್ಟಪಟ್ಟಾದರೂ ಇನ್ನೊಂದನ್ನು ಕೊಳ್ಳಬಹುದು. ಮಾಹಿತಿಯ ಲೆಕ್ಕವೇ ಬೇರೆ. ಅದು ಹೊತ್ತವರೊಬ್ಬರ ಸ್ವತ್ತಲ್ಲ.

ಬೆಂಗಳೂರಿನಿಂದ ಕಲಬುರಗಿಗೆ ರಾತ್ರಿ ಬಸ್ಸು ಹತ್ತುವ ಲೆಕ್ಕಪರಿಶೋಧಕರ ಲ್ಯಾಪ್‌ಟಾಪಿನಲ್ಲಿ ಹತ್ತಾರು ಗಿರಾಕಿಗಳ ಪ್ಯಾನ್ ಸಂಖ್ಯೆ, ಆದಾಯ, ಸಾಲದ ವಿವರಗಳಿರುತ್ತವೆ. ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುವ ವಕೀಲರ ಲ್ಯಾಪ್‌ಟಾಪಿನಲ್ಲಿ ವಿಚ್ಛೇದನದ ಅರ್ಜಿಗಳೂ ಆಸ್ತಿ ವ್ಯಾಜ್ಯದ ಪತ್ರಗಳೂ ಇರುತ್ತವೆ. ವೈದ್ಯರ ಯಂತ್ರದಲ್ಲಿ ರೋಗಿಗಳ ತಪಾಸಣಾ ವರದಿ, ಪ್ರಾಧ್ಯಾಪಕರ ಯಂತ್ರದಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿ, ಕಂಪನಿಯ ಸಿಬ್ಬಂದಿ ವಿಭಾಗದವರ ಯಂತ್ರದಲ್ಲಿ ಸಾವಿರಾರು ನೌಕರರ ಆಧಾರ್ ಪ್ರತಿಗಳು. ಈ ಗಿರಾಕಿ, ಕಕ್ಷಿದಾರ, ರೋಗಿ, ವಿದ್ಯಾರ್ಥಿ ಯಾರೂ ಆ ಬಸ್ಸಿನಲ್ಲಿಲ್ಲ. ತಮ್ಮ ಬದುಕಿನ ಗುಟ್ಟು ಯಾವುದೋ ಸೀಟಿನ ಕೆಳಗಿನ ಚೀಲದಲ್ಲಿ ಪ್ರಯಾಣ ಮಾಡುತ್ತಿದೆ ಎಂಬುದೂ ಅವರಿಗೆ ಗೊತ್ತಿಲ್ಲ. ಕಳವಾದರೆ ನಷ್ಟದ ಬಹುಪಾಲು ಅವರದೇ. ಆದ್ದರಿಂದ ಪ್ರಯಾಣದಲ್ಲಿ ಲ್ಯಾಪ್‌ಟಾಪಿನ ಜೋಪಾನವನ್ನು ನಮ್ಮ ವಸ್ತುವಿನ ಕಾಳಜಿ ಎಂದಷ್ಟೇ ನೋಡದೆ, ಇತರರು ನಂಬಿ ಒಪ್ಪಿಸಿದ ಗಂಟಿನ ಹೊಣೆ ಎಂದು ನೋಡಬೇಕಾಗಿದೆ.

ಈ ಹೊಣೆಯನ್ನು ನಿಭಾಯಿಸುವಲ್ಲಿ ಮೊದಲು ಅಡ್ಡಬರುವುದು ಒಂದು ತಪ್ಪು ತಿಳಿವಳಿಕೆ. ಲ್ಯಾಪ್‌ಟಾಪ್ ತೆರೆದ ಕೂಡಲೇ ಪಾಸ್‌ವರ್ಡ್ ಕೇಳುತ್ತದೆ, ಹಾಗಾಗಿ ಕದ್ದವನಿಗೆ ಒಳಗಿನದೇನೂ ಸಿಗುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಆ ಪಾಸ್‌ವರ್ಡ್ ಕಾಯುವುದು ಕಾರ್ಯಾಚರಣೆ ವ್ಯವಸ್ಥೆಯ ಹೊಸ್ತಿಲನ್ನು ಮಾತ್ರ. ಡಿಸ್ಕಿನಲ್ಲಿರುವ ಕಡತಗಳು ಇದ್ದ ಹಾಗೆಯೇ ಇರುತ್ತವೆ. ಸ್ಕ್ರೂ ಬಿಚ್ಚಿ ಡಿಸ್ಕನ್ನು ಹೊರತೆಗೆದು ಬೇರೆ ಗಣಕಕ್ಕೆ ಜೋಡಿಸಿದರೆ, ಅಥವಾ ಪೆನ್‌ಡ್ರೈವಿನಲ್ಲಿರುವ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆಯಿಂದ ಯಂತ್ರವನ್ನು ಚಾಲೂ ಮಾಡಿದರೆ, ಅವನ್ನೆಲ್ಲ ಓದಬಹುದು. ಇದು ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ.

ಹಿತ್ತಿಲ ಬಾಗಿಲನ್ನು ಮುಚ್ಚುವುದು ಎನ್‌ಕ್ರಿಪ್ಷನ್, ಅಂದರೆ ಇಡೀ ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸುವ ವ್ಯವಸ್ಥೆ. ಕೀಲಿ ಇಲ್ಲದವನಿಗೆ ಡಿಸ್ಕ್ ಸಿಕ್ಕರೂ ಅರ್ಥವಿಲ್ಲದ ಅಕ್ಷರರಾಶಿ ಮಾತ್ರ ಕಾಣುತ್ತದೆ. ಇದು ಬೇಹುಗಾರರಿಗೆ ಮಾತ್ರ ಬೇಕಾದ ವಿದ್ಯೆಯೂ ಅಲ್ಲ, ಹಣ ಕೊಟ್ಟು ತರಿಸಬೇಕಾದ ಸರಕೂ ಅಲ್ಲ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ‘ಬಿಟ್‌ಲಾಕರ್’ ಎಂಬ ಹೆಸರಿನಲ್ಲಿ, ಮ್ಯಾಕ್‌ನಲ್ಲಿ ‘ಫೈಲ್‌ವಾಲ್ಟ್’ ಎಂಬ ಹೆಸರಿನಲ್ಲಿ, ಲಿನಕ್ಸ್‌ನಲ್ಲಿ ‘ಲಕ್ಸ್’ ಎಂಬ ಹೆಸರಿನಲ್ಲಿ ಇದು ಮೊದಲೇ ಅಡಕವಾಗಿದೆ. ವಿಂಡೋಸ್‌ನ ಹೋಂ ಆವೃತ್ತಿಯಲ್ಲಿ ಬಿಟ್‌ಲಾಕರ್ ಪೂರ್ಣರೂಪದಲ್ಲಿ ಇಲ್ಲದಿದ್ದರೂ ಈಚಿನ ಹಲವು ಯಂತ್ರಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಸರಳ ರೂಪವಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದು ಚಾಲ್ತಿಯಲ್ಲಿದೆಯೇ ಎಂದು ನೋಡಲು ಐದು ನಿಮಿಷ ಸಾಕು. ಪ್ರಯಾಣಕ್ಕೆ ಮುನ್ನ ಟಿಕೆಟ್ ಇದೆಯೇ ಎಂದು ಜೇಬು ಮುಟ್ಟಿ ನೋಡಿಕೊಳ್ಳುವಷ್ಟು ಸಹಜವಾಗಿ ಇದೂ ಅಭ್ಯಾಸವಾಗಬೇಕು.

ಈ ಐದು ನಿಮಿಷದ ಕೆಲಸ ಬಾಕಿ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಲೈಫ್‌ಸ್ಪ್ಯಾನ್ ಎಂಬ ಆಸ್ಪತ್ರೆ ಸಮೂಹದ ಪ್ರಕರಣ ಸಾಕ್ಷಿ. 2017ರ ಫೆಬ್ರುವರಿಯಲ್ಲಿ ಅದರ ನೌಕರರೊಬ್ಬರ ಕಾರಿನಿಂದ ಲ್ಯಾಪ್‌ಟಾಪ್ ಕಳುವಾಯಿತು. ಒಳಗಿನ ಮಾಹಿತಿಗೆ ಗೂಢಲಿಪಿಯ ರಕ್ಷಣೆ ಇರಲಿಲ್ಲ. 20,431 ರೋಗಿಗಳ ವಿವರ ಬಯಲಾಗುವ ಸ್ಥಿತಿ ಉಂಟಾಯಿತು. 2020ರಲ್ಲಿ ಆ ಸಂಸ್ಥೆ ಸರ್ಕಾರದೊಂದಿಗಿನ ಇತ್ಯರ್ಥಕ್ಕಾಗಿ 10.4 ಲಕ್ಷ ಡಾಲರ್ ತೆರಲು ಒಪ್ಪಿತು. ಒಂದು ಲ್ಯಾಪ್‌ಟಾಪಿನ ಬೆಲೆಗೂ ಈ ಮೊತ್ತಕ್ಕೂ ಇರುವ ಅಂತರವೇ ಯಂತ್ರಕ್ಕೂ ಮಾಹಿತಿಗೂ ಇರುವ ಅಂತರ.

ಗೂಢಲಿಪಿಗೂ ತನ್ನದೇ ಆದ ಎರಡು ಎಚ್ಚರಿಕೆಗಳಿವೆ. ಮೊದಲನೆಯದು ಕೀಲಿಯ ಜೋಪಾನ. ಬಿಟ್‌ಲಾಕರ್ ಹಾಕುವಾಗ 48 ಅಂಕಿಗಳ ಮರುಪ್ರಾಪ್ತಿ ಕೀಲಿಯೊಂದು ಸಿಗುತ್ತದೆ. ಯಂತ್ರ ಯಾವುದೋ ಕಾರಣಕ್ಕೆ ಸಂಶಯಪಟ್ಟು ಈ ಕೀಲಿ ಕೇಳಿದಾಗ ಕೊಡಲಾಗದಿದ್ದರೆ ಯಜಮಾನನೇ ಹೊರಗುಳಿಯಬೇಕಾಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಯುಕ್ತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧವಾದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಹಂಚಿದ ದಿನವದು. ಬಿಟ್‌ಲಾಕರ್ ಇದ್ದ ಯಂತ್ರಗಳನ್ನು ಸರಿಪಡಿಸಲು ಆ 48 ಅಂಕಿಗಳೇ ಬೇಕಾದವು. ಪರಊರಿನ ಹೋಟೆಲಿನಲ್ಲಿ ಕುಳಿತವನ ಬಳಿ ಅದು ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಹಾಗೆಂದು ಕೀಲಿಯನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಚೀಲದಲ್ಲೇ ಇಟ್ಟರೆ ಬೀಗದ ಜೊತೆಗೆ ಬೀಗದಕೈಯನ್ನೂ ಕಳ್ಳನಿಗೆ ಕೊಟ್ಟಂತಾಗುತ್ತದೆ. ಅದರ ಒಂದು ಪ್ರತಿ ಮನೆಯಲ್ಲಿ ನಂಬಿಕಸ್ಥರ ಬಳಿ ಇರಲಿ. ಕಚೇರಿಯ ಯಂತ್ರವಾದರೆ ಕಚೇರಿಯಲ್ಲಿರಲಿ.

ಎರಡನೆಯದು, ಯಂತ್ರವನ್ನು ಆರಿಸುವ ಕ್ರಮ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಸಾಮಾನ್ಯವಾಗಿ ನಿದ್ರಾಸ್ಥಿತಿಗೆ ಹೋಗುತ್ತದೆಯೇ ಹೊರತು ಆರುವುದಿಲ್ಲ. ಆಗ ಗೂಢಲಿಪಿಯ ಕೀಲಿ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿ ಉಳಿದೇ ಇರುತ್ತದೆ. ವಿದ್ಯುತ್ ಕಡಿದ ಮೇಲೂ ಆ ಸ್ಮೃತಿ ಸ್ವಲ್ಪ ಹೊತ್ತು ಅಳಿಯುವುದಿಲ್ಲ, ತಂಪುಗೊಳಿಸಿದರೆ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ ಎಂಬುದನ್ನು 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತವರ ಸಹವರ್ತಿಗಳು ಪ್ರಯೋಗದಿಂದ ತೋರಿಸಿಕೊಟ್ಟರು. ಜೇಬುಗಳ್ಳನಿಗೆ ಈ ವಿದ್ಯೆ ತಿಳಿದಿರಲಾರದು, ನಿಜ. ಆದರೂ ಪ್ರಯಾಣ ಹೊರಡುವಾಗ ಯಂತ್ರವನ್ನು ಪೂರ್ತಿ ಆರಿಸಿ ಚೀಲಕ್ಕೆ ಹಾಕುವುದು ಖರ್ಚಿಲ್ಲದ ಜಾಣತನ.

ಇವೆಲ್ಲಕ್ಕಿಂತ ಮೊದಲಿನ ಪ್ರಶ್ನೆಯೊಂದಿದೆ: ಇಷ್ಟೆಲ್ಲ ಮಾಹಿತಿಯನ್ನು ಹೊತ್ತೊಯ್ಯುವ ಅಗತ್ಯವಾದರೂ ಏನು? ಮೂರು ದಿನದ ಪ್ರವಾಸಕ್ಕೆ ಮನೆಯ ಚಿನ್ನವನ್ನೆಲ್ಲ ಹೇರಿಕೊಂಡು ಹೋಗುವವರಿಲ್ಲ. ಆದರೆ ಒಂದೇ ಒಂದು ಸಭೆಗಾಗಿ ಹತ್ತು ವರ್ಷದ ಕಡತಗಳನ್ನು ಹೊತ್ತು ಹೋಗುವವರು ಎಲ್ಲೆಡೆ ಇದ್ದಾರೆ. ಆ ಪ್ರಯಾಣಕ್ಕೆ ಬೇಕಾದ ಕಡತಗಳನ್ನಷ್ಟೇ ಇಟ್ಟುಕೊಂಡು ಉಳಿದವನ್ನು ಮನೆಯಲ್ಲಿನ ಅಥವಾ ಕಚೇರಿಯಲ್ಲಿನ ಡಿಸ್ಕಿಗೆ ವರ್ಗಾಯಿಸುವುದು ಒಳ್ಳೆಯದು. ಹೊರಡುವ ಹಿಂದಿನ ದಿನ ಎಲ್ಲದರ ಒಂದು ಪ್ರತಿ ತೆಗೆದಿಡುವುದೂ ಅಷ್ಟೇ ಮುಖ್ಯ. ಪ್ರತಿ ತೆಗೆದ ಡಿಸ್ಕನ್ನು ಅದೇ ಚೀಲದಲ್ಲಿ ಇಟ್ಟುಕೊಂಡರೆ ಮಾತ್ರ ಎರಡೂ ಒಟ್ಟಿಗೆ ಹೋಗುತ್ತವೆ. ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಪ್ರತಿ ತೆಗೆದಿಡುವುದು ನಮ್ಮನ್ನು ಕಾಪಾಡುತ್ತದೆ. ಗೂಢಲಿಪಿ ನಮ್ಮನ್ನು ನಂಬಿದವರನ್ನು ಕಾಪಾಡುತ್ತದೆ. ಮೊದಲನೆಯದನ್ನು ಸ್ವಾರ್ಥಕ್ಕಾದರೂ ಮಾಡುತ್ತೇವೆ. ಎರಡನೆಯದು ಹಿಂದೆ ಬೀಳುತ್ತಿರುವುದಕ್ಕೆ ಕಾರಣ ಅದರ ಫಲ ಬೇರೆಯವರಿಗೆ ಸಲ್ಲುತ್ತದೆ ಎಂಬುದೇ ಇರಬಹುದು.

ಇನ್ನು ದಾರಿಯ ಮಾತು. ರೈಲಿನಲ್ಲಿ ಕಳೆದುಕೊಂಡದ್ದಕ್ಕೆ ರೈಲ್ವೆಯೇ ಹೊಣೆ ಎಂಬ ಭಾವನೆ ಹಲವರಲ್ಲಿದೆ. 1989ರ ರೈಲ್ವೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಪ್ರಯಾಣಿಕ ತನ್ನ ಬಳಿಯೇ ಇಟ್ಟುಕೊಂಡ ಸಾಮಾನು ಕಳೆದರೆ, ರೈಲ್ವೆ ಸಿಬ್ಬಂದಿಯ ನಿರ್ಲಕ್ಷ್ಯ ಅಥವಾ ದುರ್ನಡತೆ ಸಾಬೀತಾಗದ ಹೊರತು ಇಲಾಖೆ ಹೊಣೆಯಾಗುವುದಿಲ್ಲ. ಪ್ರಯಾಣಿಕನ ಹಣ ಕಳುವಾದದ್ದನ್ನು ಸೇವಾ ನ್ಯೂನತೆ ಎನ್ನಲಾಗದು ಎಂದು 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದ್ದರಿಂದ ಜೋಪಾನ ನಮ್ಮದೇ. ಸೀಟಿನ ಕೆಳಗಿನ ಕೊಂಡಿಗೆ ಸರಪಳಿ ಹಾಕಿ ಬೀಗ ಜಡಿಯುವ ಹಳೆಯ ಪದ್ಧತಿ ಇಂದಿಗೂ ಉಪಯುಕ್ತ. ಸ್ಲೀಪರ್ ಬಸ್ಸಿನಲ್ಲಿ ಚೀಲ ಕಾಲ ಬಳಿ ಇರುವುದಕ್ಕಿಂತ ತಲೆಯ ಬಳಿ ಇರುವುದು ಲೇಸು. ಊಟಕ್ಕೆ ಬಸ್ಸು ನಿಂತಾಗ ಲ್ಯಾಪ್‌ಟಾಪ್ ಸೀಟಿನಲ್ಲಿ ಉಳಿಯಬಾರದು. ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಂತೂ ಎಂದೂ ಇಡಬಾರದು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಲ್ಯಾಪ್‌ಟಾಪ್ ಇರುವ ಟ್ರೇ ಯಂತ್ರದ ಆಚೆ ಬದಿಗೆ ಹೋಗಿ, ನಾವು ಈಚೆಯ ಸಾಲಿನಲ್ಲೇ ಸಿಕ್ಕಿಕೊಳ್ಳುವ ಕೆಲವು ಕ್ಷಣಗಳಿವೆ. ನಮ್ಮ ಸರದಿ ಹತ್ತಿರವಾದ ಮೇಲೆ ಟ್ರೇಯನ್ನು ಒಳಕ್ಕೆ ತಳ್ಳಿದರೆ ಆ ಅಂತರ ಕಡಿಮೆಯಾಗುತ್ತದೆ.

ಚೀಲವನ್ನು ಬಿಡದೆ ಹಿಡಿದುಕೊಂಡವರಿಗೂ ಗಾಳಿಯಲ್ಲಿ ಹರಿಯುವ ಮಾಹಿತಿಯ ಅಪಾಯ ತಪ್ಪಿದ್ದಲ್ಲ. 2010ರ ಅಕ್ಟೋಬರ್‌ನಲ್ಲಿ ‘ಫೈರ್‌ಶೀಪ್’ ಎಂಬ ಪುಟ್ಟ ತಂತ್ರಾಂಶ ಹೊರಬಂತು. ಕೆಫೆಯ ಮುಕ್ತ ವೈಫೈನಲ್ಲಿ ಪಕ್ಕದ ಮೇಜಿನವರ ಫೇಸ್‌ಬುಕ್ ಖಾತೆಯೊಳಗೆ ಒಂದೇ ಕ್ಲಿಕ್ಕಿನಲ್ಲಿ ನುಗ್ಗಬಹುದು ಎಂದು ಅದು ತೋರಿಸಿತು. ಆ ಬಳಿಕ ಪ್ರಮುಖ ಜಾಲತಾಣಗಳು ತಮ್ಮ ಸಂಪರ್ಕವನ್ನೇ ಗೂಢಲಿಪಿಗೆ ಬದಲಾಯಿಸಿಕೊಂಡವು. ಇಂದು ಬ್ಯಾಂಕ್, ಇ-ಮೇಲ್ ಮೊದಲಾದ ತಾಣಗಳ ವಿಳಾಸದ ಆರಂಭದಲ್ಲಿ ‘ಎಚ್‌ಟಿಟಿಪಿಎಸ್’ ಇರುವುದರಿಂದ ಆ ಹಳೆಯ ಭಯ ಬಹಳ ಮಟ್ಟಿಗೆ ತಗ್ಗಿದೆ. ಆದರೆ ಇನ್ನೊಂದು ಬಗೆಯ ಮೋಸ ಉಳಿದಿದೆ. ಹೋಟೆಲುಗಳ ಅಂತರ್ಜಾಲ ಸಂಪರ್ಕದಲ್ಲಿ ನಕಲಿ ಅಪ್‌ಡೇಟ್ ತೋರಿಸಿ ಪ್ರವಾಸಿಗರ ಲ್ಯಾಪ್‌ಟಾಪಿಗೆ ದುಷ್ಟ ತಂತ್ರಾಂಶ ತುಂಬುತ್ತಿದ್ದಾರೆ ಎಂದು ಅಮೆರಿಕದ ಎಫ್‌ಬಿಐ 2012ರಲ್ಲೇ ಎಚ್ಚರಿಸಿತ್ತು. 2014ರ ನವೆಂಬರ್‌ನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ‘ಡಾರ್ಕ್‌ಹೋಟೆಲ್’ ಎಂದು ಹೆಸರಿಟ್ಟು ಬಯಲಿಗೆಳೆದ ಜಾಲ ಇದೇ ತಂತ್ರವನ್ನು ಬಳಸಿ ಏಷ್ಯಾದ ಹೋಟೆಲುಗಳಲ್ಲಿ ತಂಗುವ ಉದ್ಯಮ ಮುಖ್ಯಸ್ಥರನ್ನು ಬೇಟೆಯಾಡಿತ್ತು. ಪರಿಹಾರ ಸರಳ. ಅಪ್‌ಡೇಟ್‌ಗಳನ್ನೆಲ್ಲ ಮನೆಯಲ್ಲೇ ಮುಗಿಸಿ ಹೊರಡಬೇಕು. ಹೋಟೆಲಿನ ಸಂಪರ್ಕದಲ್ಲಿ ಥಟ್ಟನೆ ಎದುರಾಗುವ ಯಾವ ಅಪ್‌ಡೇಟನ್ನೂ ಒಪ್ಪಬಾರದು. ಮುಖ್ಯ ಕೆಲಸಕ್ಕೆ ನಮ್ಮದೇ ಮೊಬೈಲಿನ ಹಾಟ್‌ಸ್ಪಾಟ್ ಬಳಸಬೇಕು.

ಗಡಿ ದಾಟುವವರು ಬೇರೆಯೇ ಬಗೆಯ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. 2017ರ ಮಾರ್ಚ್‌ನಲ್ಲಿ ಅಮೆರಿಕವು 8 ದೇಶಗಳ 10 ವಿಮಾನ ನಿಲ್ದಾಣಗಳಿಂದ ತನ್ನಲ್ಲಿಗೆ ಬರುವ ವಿಮಾನಗಳಲ್ಲಿ ಮೊಬೈಲಿಗಿಂತ ದೊಡ್ಡ ಸಾಧನಗಳನ್ನು ಪ್ರಯಾಣಿಕರು ಜೊತೆಯಲ್ಲಿ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ದುಬೈ, ಅಬುಧಾಬಿ, ದೋಹಾಗಳೂ ಆ ಪಟ್ಟಿಯಲ್ಲಿದ್ದವು. ಬೆಂಗಳೂರಿನಿಂದ ಕೊಲ್ಲಿಯ ಮೂಲಕ ಅಮೆರಿಕಕ್ಕೆ ಹೋಗುತ್ತಿದ್ದವರು ಲ್ಯಾಪ್‌ಟಾಪನ್ನು ವಿಮಾನದ ಹೊಟ್ಟೆಗೆ ಸೇರುವ ಸಾಮಾನಿನಲ್ಲಿ ಬಿಟ್ಟುಕೊಡಬೇಕಾಯಿತು. ಅದೇ ಜುಲೈ ವೇಳೆಗೆ ನಿಷೇಧ ತೆರವಾಯಿತಾದರೂ, ಯಂತ್ರ ಕೈಬಿಟ್ಟು ಹೋಗುವ ಸಂದರ್ಭ ನಮ್ಮ ಅಜಾಗರೂಕತೆ ಇಲ್ಲದೆಯೂ ಬರಬಹುದೆಂಬುದು ಮನವರಿಕೆಯಾಯಿತು.

ತಪಾಸಣೆಯ ಅಧಿಕಾರವೂ ಸಣ್ಣದಲ್ಲ. ಅಮೆರಿಕದ ಗಡಿ ಅಧಿಕಾರಿಗಳು ನ್ಯಾಯಾಲಯದ ವಾರಂಟ್ ಇಲ್ಲದೆಯೂ ಪ್ರಯಾಣಿಕರ ಸಾಧನಗಳನ್ನು ಪರಿಶೀಲಿಸುತ್ತಾರೆ. 2018ರ ಜನವರಿಯ ನಿರ್ದೇಶನದ ಪ್ರಕಾರ, ಅವರು ಸಾಧನದಲ್ಲಿ ಇರುವುದನ್ನು ಮಾತ್ರ ನೋಡಬೇಕು. ಜಾಲದಲ್ಲಿ ದೂರದ ಸರ್ವರ್‌ಗಳಲ್ಲಿರುವುದನ್ನು ತೆರೆಯುವಂತಿಲ್ಲ. 2017ರ ಜನವರಿಯಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ, ಅಮೆರಿಕದಲ್ಲೇ ಹುಟ್ಟಿದ ಎಂಜಿನಿಯರ್ ಒಬ್ಬರು ಹ್ಯೂಸ್ಟನ್ ನಿಲ್ದಾಣದಲ್ಲಿ ತಮ್ಮ ಕಚೇರಿಯ ಫೋನಿನ ರಹಸ್ಯಸಂಖ್ಯೆಯನ್ನು ಒಪ್ಪಿಸಬೇಕಾಗಿ ಬಂದದ್ದು ಸುದ್ದಿಯಾಗಿತ್ತು. ಸ್ವದೇಶದ ಪ್ರಜೆಯ ಗತಿಯೇ ಹೀಗಾದರೆ, ನಿರಾಕರಿಸಿದರೆ ಪ್ರವೇಶವೇ ಸಿಗದೆ ಹೋಗಬಹುದಾದ ವೀಸಾದಾರರ ಪಾಡೇನು? ಅಧಿಕಾರಿಯೊಡನೆ ಜಗಳ ಕಾಯುವುದಾಗಲಿ ಸುಳ್ಳು ಹೇಳುವುದಾಗಲಿ ಉಪಾಯವಲ್ಲ. ತೋರಿಸಬಾರದ ಪರರ ಗುಟ್ಟು ಸಾಧನದಲ್ಲಿ ಇಲ್ಲದಿರುವುದೇ ನಿಜವಾದ ರಕ್ಷಣೆ. ಇಲ್ಲೂ ಉತ್ತರ ಹಿಂದಿನದೇ: ಕಡಿಮೆ ಹೊತ್ತೊಯ್ಯಿರಿ.

ಎಷ್ಟೇ ಎಚ್ಚರವಿದ್ದರೂ ಕಳವು ನಡೆಯಬಹುದು. ಆಗ ಕಾಲವೇ ಮುಖ್ಯ. ಪ್ರಯಾಣದ ನಡುವೆ ಕಳವಾದ ಜಾಗ ಯಾವ ಠಾಣೆಯ ಸರಹದ್ದು ಎಂದು ತಿಳಿಯದೆ ಅಲೆದಾಡುವ ಅಗತ್ಯ ಈಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ರೈಲಿನಲ್ಲಾದರೆ 139ಕ್ಕೆ ಕರೆ ಮಾಡಬಹುದು. ಖಾತೆಯಿಂದ ಹಣ ಹೋದರೆ 1930 ಸಹಾಯವಾಣಿಯಿದೆ. ಯಂತ್ರದ ಸೀರಿಯಲ್ ಸಂಖ್ಯೆ ಮೊದಲೇ ಬೇರೆಡೆ ಬರೆದಿಟ್ಟಿದ್ದರೆ ದೂರಿಗೆ ಬಲ ಬರುತ್ತದೆ. ಇನ್ನೊಂದು ಸಾಧನದಿಂದ ಇ-ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಕೂಡಲೇ ಬದಲಿಸಬೇಕು.

ಇವೆಲ್ಲಕ್ಕಿಂತ ಕಷ್ಟದ ಕೆಲಸ ಸಂಸ್ಥೆಗೆ ವಿಷಯ ತಿಳಿಸುವುದು. 2006ರ ಮೇ 3ರಂದು ಅಮೆರಿಕದ ನಿವೃತ್ತ ಯೋಧರ ಇಲಾಖೆಯ ನೌಕರನ ಮನೆಯಿಂದ ಲ್ಯಾಪ್‌ಟಾಪ್ ಮತ್ತು ಡಿಸ್ಕ್ ಕಳುವಾದವು. 2.65 ಕೋಟಿ ಜನರ ವಿವರಗಳು ಅವುಗಳಲ್ಲಿದ್ದವು. ಇಲಾಖೆಯ ಮುಖ್ಯಸ್ಥರ ಕಿವಿಗೆ ಸುದ್ದಿ ಬಿದ್ದದ್ದು ಮೇ 16ರಂದು; ಜನರಿಗೆ ತಿಳಿದದ್ದು ಮೇ 22ರಂದು. ಜೂನ್ ಕೊನೆಗೆ ಯಂತ್ರ ಸಿಕ್ಕಿತು, ಮಾಹಿತಿಯನ್ನು ಯಾರೂ ತೆರೆದಂತಿಲ್ಲ ಎಂದು ಎಫ್‌ಬಿಐ ಹೇಳಿತು. ಅದು ಅದೃಷ್ಟ. ನಡುವಿನ 19 ದಿನ ಆ ಯೋಧರಿಗೆ ತಮ್ಮ ಖಾತೆಗಳ ಮೇಲೆ ಕಣ್ಣಿಡುವ ಅವಕಾಶವೇ ಇರಲಿಲ್ಲ. 2009ರಲ್ಲಿ ಪ್ರಕರಣದ ಇತ್ಯರ್ಥಕ್ಕೆ ಸರ್ಕಾರ 2 ಕೋಟಿ ಡಾಲರ್ ಕೊಡಲು ಒಪ್ಪಿತು.

ನಮ್ಮಲ್ಲಿ ಈ ವಿಳಂಬಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ: ಭಯ. ಯಂತ್ರದ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ, ನೋಟಿಸ್ ಕೊಡುತ್ತಾರೆ ಎಂಬ ಅಂಜಿಕೆಯಿಂದ ನೌಕರ ಎರಡು ದಿನ ತಾನೇ ಹುಡುಕಾಡುತ್ತಾನೆ. ಆ ಎರಡು ದಿನ ಕಳ್ಳನಿಗೆ ಸಿಕ್ಕ ಉಡುಗೊರೆ. ಕಳೆದುಕೊಂಡವನನ್ನು ದಂಡಿಸುವ ಸಂಸ್ಥೆ ಸುದ್ದಿಯನ್ನೇ ತಡೆಹಿಡಿಯುತ್ತದೆ. ಗೂಢಲಿಪಿ ಹಾಕದ ಯಂತ್ರವನ್ನು ನೌಕರನ ಕೈಗಿತ್ತು ಊರೂರು ತಿರುಗಿಸಿದ್ದು ಸಂಸ್ಥೆಯದೇ ಲೋಪವಲ್ಲವೇ? ಕಳವಾದ ತಾಸಿನೊಳಗೆ ತಿಳಿಸಿದವನಿಗೆ ಶಿಕ್ಷೆಯಿಲ್ಲ ಎಂಬ ಭರವಸೆಯನ್ನು ಪ್ರತಿ ಕಚೇರಿಯೂ ಲಿಖಿತವಾಗಿ ಕೊಡಬೇಕು.

ಕಾನೂನು ಕೂಡ ಈಗ ಈ ದಿಕ್ಕಿನಲ್ಲೇ ನಡೆದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ಸೋರಿಕೆಯಾದರೆ ಬಾಧಿತರಿಗೆ ತಿಳಿಸಬೇಕೆಂದೂ ಹೇಳಿದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಸುರಕ್ಷತಾ ಕ್ರಮಗಳ ಸಾಲಿನಲ್ಲಿ ಗೂಢಲಿಪೀಕರಣವನ್ನು ಹೆಸರಿಸಿವೆ. ಮುಖ್ಯ ಹೊಣೆಗಾರಿಕೆಗಳಿಗೆ ಸಿದ್ಧವಾಗಲು 18 ತಿಂಗಳ ಕಾಲಾವಕಾಶವನ್ನೂ ಕೊಟ್ಟಿವೆ.

ಆದರೆ ದಂಡದ ಭಯ ದೊಡ್ಡ ಕಂಪನಿಗಳನ್ನು ಎಚ್ಚರಿಸೀತೇ ಹೊರತು, ಇಬ್ಬರೇ ಇರುವ ವಕೀಲರ ಕಚೇರಿಯನ್ನೋ ತಾಲ್ಲೂಕು ಕೇಂದ್ರದ ಕ್ಲಿನಿಕ್ಕನ್ನೋ ತಟ್ಟುವುದು ನಿಧಾನ. ಅಲ್ಲಿ ಕೆಲಸ ಮಾಡಬೇಕಾದದ್ದು ಹಳೆಯದೊಂದು ಮರ್ಯಾದೆ. ನೆರೆಮನೆಯವರು ಊರಿಗೆ ಹೋಗುವಾಗ ಕೊಟ್ಟ ಬೀಗದಕೈಯನ್ನು ನಮ್ಮ ಮನೆಯದಕ್ಕಿಂತ ಹೆಚ್ಚು ಜತನದಿಂದ ಕಾಯ್ದ ಸಮಾಜ ನಮ್ಮದು. ತನ್ನ ರೋಗವನ್ನು ವೈದ್ಯರಿಗೆ, ತನ್ನ ಸಾಲವನ್ನು ಲೆಕ್ಕಿಗರಿಗೆ ಹೇಳಿಕೊಂಡ ಮನುಷ್ಯನೂ ಅಂಥದೇ ನಂಬಿಕೆಯಿಂದ ಬೀಗದಕೈ ಕೊಟ್ಟಿದ್ದಾನೆ. ಮುಂದಿನ ಪ್ರಯಾಣಕ್ಕೆ ಬಟ್ಟೆಬರೆ ಜೋಡಿಸುವ ಮುನ್ನ ಅವನಿಗಾಗಿ ಐದು ನಿಮಿಷ ತೆಗೆದಿಡುವುದು ನಮ್ಮಿಂದ ಆಗದ ಕೆಲಸವೇನಲ್ಲ.